ಪಫ್ಫಿನ ಲೆಕ್ಕ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಟ್ಟು ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ಟಿಫಿನ್ ಬಾಕ್ಸಿನ ಅಡಿಯಿಂದ ಪಂಪು ತೆಗೆದು, ಅತ್ತ ತಿರುಗಿ ಎಳೆದಳು. ಬೆಳಿಗ್ಗೆ ಸಂಜೆ ತಪ್ಪದೆ ಎಳೆಯಬೇಕಾದ, ಉಬ್ಬಸದ ಸ್ಟೀರಾಯ್ಡ್ ಪಂಪು. ‘ಇದು ಮೂಳೆ ತಿಂದ್ಹಾಕುತ್ತಂತೆ ಕಣಕ್ಕ, ತೀರಾ ದಮ್ಮು ಕಟ್ಟಿದಾಗ ಮಾತ್ರ ತಗೋತೀನಿ. ರಾತ್ರಿ ಜಾಸ್ತಿಯಾದ್ರೆ ಗುಳಿಗೆ ಐತಲ್ಲ’ ಎಂದಳು ಪಕ್ಕದವಳಿಗೆ.

ಈ ‘ಅಂತೆ’ ಪೂರಾ ಸುಳ್ಳಲ್ಲ. 2001ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಎಲಿಯಟ್ ಇಸ್ರೇಲ್ ಮತ್ತು ಸಂಗಡಿಗರ ಅಧ್ಯಯನ ಬಂತು. ಅಸ್ತಮಾ ಇರುವ, ಮುಟ್ಟು ನಿಲ್ಲದ, 18ರಿಂದ 45ರೊಳಗಿನ 109 ಹೆಂಗಸರ ಮೂಳೆಯನ್ನು ಮೂರು ವರ್ಷ ಅಳೆದರು. ಸ್ಟೀರಾಯ್ಡ್ ಪಂಪಿನ ಬಳಕೆ ದಿನದ ಲೆಕ್ಕದಲ್ಲಿ ಒಂದು ಪಫ್ ಹೆಚ್ಚಿದರೆ ಸೊಂಟದ ಕೀಲಿನ ಸಾಂದ್ರತೆ ವರ್ಷಕ್ಕೆ ಚದರ ಸೆಂಟಿಮೀಟರಿಗೆ 0.00044 ಗ್ರಾಂ ಹೆಚ್ಚು ಇಳಿಯಿತು. ಸ್ಟೀರಾಯ್ಡ್ ಗುಳಿಗೆ, ಇಂಜೆಕ್ಷನ್ ಪಡೆದವರನ್ನು ಬದಿಗಿಟ್ಟು ನೋಡಿದರೂ ಫಲಿತಾಂಶ ಹಾಗೇ ಉಳಿಯಿತು. ಅಧ್ಯಯನದ ಗಟ್ಟಿತನ ಇಲ್ಲಿದೆ. ಯಾರ ಮೂಳೆ ಸವೆಯುತ್ತಿದೆ ಎಂದು ರಕ್ತ, ಮೂತ್ರದ ಪರೀಕ್ಷೆ ಹೇಳಲಿಲ್ಲ ಎಂಬುದೂ ನನಗೆ ಮುಖ್ಯ: ‘ಕ್ಯಾಲ್ಸಿಯಂ ನಾರ್ಮಲ್’ ಎಂಬ ರಿಪೋರ್ಟು ಹಿಡಿದು ನೆಮ್ಮದಿಯಾಗುವವರು ನಮ್ಮಲ್ಲಿ ಕಡಿಮೆಯೇ?

ಆದರೆ ಅದು ಅಳೆದದ್ದು ಸಾಂದ್ರತೆ, ಮುರಿದ ಮೂಳೆಯಲ್ಲ. ಬೆನ್ನುಮೂಳೆಯಲ್ಲಿ ಪರಿಣಾಮ ಕಾಣಲಿಲ್ಲ. ಔಷಧಿ ಟ್ರಯಾಮ್ಸಿನೊಲೋನ್, ನಮ್ಮ ಚೀಟಿಗಳಲ್ಲಿ ಇರುವುದು ಬುಡೆಸೊನೈಡ್, ಫ್ಲೂಟಿಕಾಸೋನ್. ಪಂಪು ಬಿಟ್ಟು ಗುಳಿಗೆ ನುಂಗುವವಳ ಮೂಳೆ ಏನಾಗುತ್ತದೆ ಎಂಬುದಂತೂ ಅದರ ಪ್ರಶ್ನೆಯೇ ಆಗಿರಲಿಲ್ಲ, ಹಾರೋಹಳ್ಳಿಯ ಪ್ರಶ್ನೆಯೋ ಅದೇ. ಗುಳಿಗೆಯೂ ಸ್ಟೀರಾಯ್ಡೇ: 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಗುಳಿಗೆ ಎಂದರೆ 5000 ಮೈಕ್ರೋಗ್ರಾಂ. ಪಂಪಿನ ಲೆಕ್ಕ ನೂರುಗಳಲ್ಲಿ. ಎರಡರ ಬಲ ಒಂದೇ ಅಲ್ಲ, ನಿಜ. ಆದರೂ ಗುಳಿಗೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ, ಮೂಳೆಗೆ ಅದರ ಹೊಡೆತವೇ ದೊಡ್ಡದು.

ತಪ್ಪೆಲ್ಲ ಆಕೆಯದೇ ಅಲ್ಲ. ಉಬ್ಬಸ ಮೂರು ತಿಂಗಳು ಹತೋಟಿಯಲ್ಲಿದ್ದರೆ ಡೋಸ್ ಇಳಿಸಿ ನೋಡಬಹುದು. ಹೆಚ್ಚಿನ ಡೋಸ್ ವರ್ಷಗಟ್ಟಲೆ ಬೇಕಾದವರಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಇದೆ. ಹಳೇ ಚೀಟಿಯನ್ನೇ ನಕಲು ಮಾಡಿಕೊಡುವ ವೈದ್ಯರ ಅಭ್ಯಾಸದಲ್ಲಿ ಇವೆರಡೂ ಬಿಟ್ಟುಹೋಗುತ್ತವೆ. ‘ನಾವು ರಾಗಿ ಮುದ್ದೆ ತಿನ್ನೋರು’ ಎಂಬ ಧೈರ್ಯವೂ ಅರ್ಧದಷ್ಟೇ ಸರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಕರುಳು ಹೀರಲು ವಿಟಮಿನ್ ಡಿ ಬೇಕು. ಬೆಳಿಗ್ಗೆ ಶೆಡ್ಡು ಹೊಕ್ಕು ಸಂಜೆ ಹೊರಬರುವವರಿಗೆ ಬಿಸಿಲೆಲ್ಲಿ?

ಬಸ್ಸು ಬಂತು. 120 ಪಫ್ಫಿನ ಪಂಪು, ಎಂಟು ತಿಂಗಳ ಹಿಂದೆ ತಂದದ್ದಂತೆ. ಕೌಂಟರಿನಲ್ಲಿ ಇನ್ನೂ 97 ಇತ್ತು.