ಸಾಲಿನಲ್ಲಿ ಕಾಣದವರ ಲೆಕ್ಕ

ಯಸಳೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2020ಕ್ಕೂ ಮೊದಲೊಮ್ಮೆ ಕೇಳಿದ್ದ: "ಸಾರ್, ಅಪ್ಪನ ಮಿದುಳಲ್ಲಿ ಗೆಡ್ಡೆ ಇದೆಯಂತೆ. ಬೆಂಗಳೂರಿಗೆ ಕರೆದುಕೊಂಡು ಹೋಗಲೋ, ನರಸೀಪುರಕ್ಕೋ?" ನಾನು ಭೌತವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ಆದರೆ ಪುರಾವೆ ಎಂದರೇನು ಎಂಬುದು ನನ್ನ ವಿಷಯವೂ ಹೌದು.

ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದ ಹೆಸರನ್ನು ನೀವು ಕೇಳಿರುತ್ತೀರಿ. 2020ರಲ್ಲಿ ತೀರಿಕೊಂಡ ನಾರಾಯಣಮೂರ್ತಿಯವರು ಕೊಡುತ್ತಿದ್ದ ಮರದ ಚಕ್ಕೆಯ ಔಷಧಿಗಾಗಿ ದೂರದೂರದ ಕ್ಯಾನ್ಸರ್ ರೋಗಿಗಳು ಅಲ್ಲಿ ಸಾಲುಗಟ್ಟುತ್ತಿದ್ದರು. 'ಅಷ್ಟು ಜನ ಸುಮ್ಮನೆ ಬರುತ್ತಾರೆಯೇ?' ಎಂದು ಕೇಳುವವರಿದ್ದಾರೆ. ಸಾಲಿನಲ್ಲಿ ಬಂದವರು ಕಾಣುತ್ತಾರೆ. ಔಷಧಿ ಕುಡಿದೂ ತೀರಿಕೊಂಡವರು ಅಲ್ಲಿ ಬಂದು ನಿಲ್ಲುವುದಿಲ್ಲ.

ಮಿದುಳಿನ ಗೆಡ್ಡೆಯ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಮೆನಿಂಜಿಯೋಮಾ ಎಂಬ ಗೆಡ್ಡೆ ಎಷ್ಟೋ ಸಲ ವರ್ಷಗಟ್ಟಲೆ ಬೆಳೆಯದೆ ಇರಬಹುದು. ಆ ಅವಧಿಯಲ್ಲಿ ಕುಡಿದದ್ದೆಲ್ಲಕ್ಕೂ ಕೀರ್ತಿ. ಗೆಡ್ಡೆಯ ಸುತ್ತಲಿನ ಬಾವನ್ನು ಡೆಕ್ಸಾಮೆಥಾಸೋನ್ ಕೆಲವೇ ದಿನಗಳಲ್ಲಿ ಇಳಿಸುತ್ತದೆ, ತಲೆನೋವು ಹೋಗುತ್ತದೆ, ಗೆಡ್ಡೆ ಮಾತ್ರ ಅಲ್ಲೇ ಇರುತ್ತದೆ. ಅದೇ ವಾರ ಕಷಾಯವನ್ನೂ ಶುರುಮಾಡಿದ್ದರೆ ಮನೆಯವರು ಯಾವುದನ್ನು ಹೊಗಳುತ್ತಾರೆ, ನೀವೇ ಊಹಿಸಿ.

ಗಿಡಮೂಲಿಕೆಯನ್ನು ಪರೀಕ್ಷಿಸಲು ಬರುವುದಿಲ್ಲವೆಂದೇನೂ ಅಲ್ಲ. ಜರ್ಮನಿಯಲ್ಲಿ 44 ರೋಗಿಗಳಿಗೆ ವಿಕಿರಣ ಚಿಕಿತ್ಸೆಯ ಜೊತೆಗೆ ಶಲ್ಲಕಿಯ ಅಂಟಿನ ಸಾರವನ್ನೋ ಹುಸಿಗುಳಿಗೆಯನ್ನೋ ಕೊಟ್ಟು ನೋಡಿದರು (2011). ಬಾವು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದದ್ದು ಸಾರ ಪಡೆದವರಲ್ಲಿ ಶೇ. 60 ಮಂದಿಗೆ, ಉಳಿದವರಲ್ಲಿ ಶೇ. 26 ಮಂದಿಗೆ. ಪ್ರಯೋಗ ಚಿಕ್ಕದು, ಇಳಿದದ್ದು ಬಾವು. ಆದರೂ ಇದು ಪುರಾವೆಯ ದಾರಿ. ಚಕ್ಕೆಗೂ ಇಂಥದೇ ಪರೀಕ್ಷೆ ಬೇಕು.

ಆಧುನಿಕ ಚಿಕಿತ್ಸೆಯೂ ದೊಡ್ಡ ಭರವಸೆ ಕೊಡುವುದಿಲ್ಲ, ಅದನ್ನೂ ಹೇಳಬೇಕು. ಗ್ಲಿಯೊಬ್ಲಾಸ್ಟೋಮಾ ರೋಗಿಗಳಿಗೆ ವಿಕಿರಣದ ಜೊತೆ ಟೆಮೊಜೊಲೊಮೈಡ್ ಕೊಟ್ಟಾಗ ಬದುಕಿನ ಮಧ್ಯಾಂಕ 12.1 ತಿಂಗಳಿಂದ 14.6ಕ್ಕೆ ಏರಿತು (2005). ಎರಡು ವರ್ಷ ಬದುಕಿದವರು ಶೇ. 10.4ರಿಂದ 26.5 ಆದರು. ಇಷ್ಟೇ ಎಂದಾಗ ಜನ ಬೇರೆ ಬಾಗಿಲು ತಟ್ಟುವುದು ಸಹಜ. ಇದು ಮಲೆನಾಡಿನ ಅಜ್ಞಾನವೂ ಅಲ್ಲ: 2010ರಲ್ಲಿ ಪ್ರಕಟವಾದ ಜರ್ಮನಿಯ ಸಮೀಕ್ಷೆಯೊಂದರಲ್ಲಿ 621 ಗ್ಲಿಯೋಮಾ ರೋಗಿಗಳ ಪೈಕಿ ಶೇ. 40 ಮಂದಿ ಪೂರಕ ಚಿಕಿತ್ಸೆಗಳ ಮೊರೆಹೋಗಿದ್ದರು. ನನ್ನ ಆಕ್ಷೇಪ ಆ ಬಾಗಿಲ ಮುಂದೆ ಕಾಯುತ್ತಾ ಕಳೆದುಹೋಗುವ ವಾರಗಳ ಬಗ್ಗೆ.

ಮೊದಲು ಬೆಂಗಳೂರು ಎಂದೆ ಹುಡುಗನಿಗೆ. ಅಪ್ಪ ಏನಾದರೂ ಕುಡಿಯುತ್ತಿದ್ದರೆ ಆ ಪೊಟ್ಟಣವನ್ನೂ ಡಾಕ್ಟರಿಗೆ ತೋರಿಸು. ಕೆಲವು ಮೂಲಿಕೆಗಳು ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು ಎಂದೂ ಹೇಳಿದೆ. ತೋರಿಸಿದನಂತೆ. ಡಾಕ್ಟರು ಅದೇನೆಂದೂ ಕೇಳದೆ ಗದರಿದರು. ಮುಂದಿನ ಸಲ ಅಪ್ಪ ಪೊಟ್ಟಣವನ್ನು ಮನೆಯಲ್ಲೇ ಬಚ್ಚಿಟ್ಟು ಹೋದರು.