ಅಳಿವೆಗೆ ಹೊರಡುವ ಮುನ್ನ ತಿಥಿ ನೋಡಿ

ಉತ್ತರ ಕನ್ನಡಕ್ಕೆ ಬರುವವರ ಪಟ್ಟಿಯಲ್ಲಿ ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡಲತೀರ ಇದ್ದೇ ಇರುತ್ತವೆ. ಅವು ನೋಡತಕ್ಕ ಜಾಗಗಳೇ. ಆದರೆ ಸುಮಾರು 140 ಕಿಲೋಮೀಟರ್ ಉದ್ದದ ಈ ಕರಾವಳಿಯಲ್ಲಿ ಒಂದೇ ದಿನ ಕೈಯಲ್ಲಿದೆ, ಎಲ್ಲಿಗೆ ಹೋಗಲಿ ಎಂದು ಕೇಳಿದವರಿಗೆಲ್ಲ ನಾನು ಅಳಿವೆಯ ದಾರಿ ತೋರಿಸುತ್ತೇನೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಕಡೆಗಳಲ್ಲಿ ಈ ಜಿಲ್ಲೆಯ ಊಟ, ದುಡಿಮೆ, ಕೋಟೆ, ಬಂದರು ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಹೊರಡುವ ಮೊದಲು ಪಂಚಾಂಗ ತೆರೆಯಿರಿ. ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಅದರ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜೋರಾಗಿ ಏರಿ ಅಷ್ಟೇ ಜೋರಾಗಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಮಂದವಾಗುತ್ತದೆ. ದೊಡ್ಡ ಇಳಿತದ ದಿನ ಅಳಿವೆಗೆ ಹೋದವರಿಗೆ ಮಾತ್ರ ಹೊಳೆಯ ಹೊಟ್ಟೆಯಲ್ಲಿ ಏನಿದೆ ಎಂಬುದು ಕಾಣುತ್ತದೆ.

ಮೊದಲು ಅಘನಾಶಿನಿ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟು ಒಂದನ್ನೂ ಕಾಣದೆ ಕುಮಟೆಯ ಬಳಿ ಕಡಲಿಗೆ ಬರುವ ಹೊಳೆ ಇದು. 2024ರಲ್ಲಿ ಇದರ ಅಳಿವೆ ರಾಮ್‌ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿಯುತ್ತಾರೆ, ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ದಡದಲ್ಲಿ ನಿಂತು ನೋಡಿ. ಮಾತಾಡಿಸುವುದಿದ್ದರೆ ಅವರು ಮೇಲೆ ಬಂದ ಮೇಲೆ ಮಾತಾಡಿಸಿ, ಏಕೆಂದರೆ ಇಳಿತದ ಆ ಕೆಲವು ತಾಸು ಅವರ ಅಂದಿನ ಸಂಪಾದನೆ. ಅಂದು ತೆಗೆದ ಬಳಚಿಗೆ ಕಾಯಿ ಹಾಕಿ ಮಾಡಿದ ಸುಕ್ಕಕ್ಕೆ ಸಮನಾದದ್ದು ಈ ಕರಾವಳಿಯ ಅಡುಗೆಯಲ್ಲಿ ನನಗೆ ಇನ್ನೊಂದಿಲ್ಲ.

ಅಲ್ಲಿಂದ ಮಾಣಿಕಟ್ಟೆಯ ಗಜನಿಗೆ. ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಬೆಳೆಯುವ ಭತ್ತ ಕಗ್ಗ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಉಪ್ಪಿಗೂ ಹೆದರುವುದಿಲ್ಲ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಬಿತ್ತನೆ. ಕೊಯ್ಲಿನ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತೇ ಇರುವುದರಿಂದ ಬರೀ ತೆನೆಯನ್ನು ಕೊಯ್ದು ತರುತ್ತಾರೆ. ಆಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟರೆ ಶೆಟ್ಲಿ (ಸೀಗಡಿ), ಮೀನು. ಗದ್ದೆಗೆ ಗೊಬ್ಬರ ಹೊತ್ತು ಹಾಕಬೇಕಾಗಿಲ್ಲ, ಹೊಳೆಯೇ ತಂದು ಹಾಕುತ್ತದೆ. ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಅದರ ಕೆಂಪಕ್ಕಿ ಸಿಕ್ಕರೆ ಚೌಕಾಸಿ ಮಾಡದೆ ಕೊಂಡು ತನ್ನಿ.

ಗೋಕರ್ಣದ ಮಗ್ಗುಲಿಗೇ ಇರುವ ಸಾಣಿಕಟ್ಟೆಯಲ್ಲಿ ಇದೇ ನೀರು ಬಿಸಿಲಿಗೆ ಒಣಗಿ ಉಪ್ಪಾಗುತ್ತದೆ. ತದಡಿಯಿಂದ ಅಘನಾಶಿನಿ ಊರಿಗೆ ಬಾರ್ಜಿನಲ್ಲೇ ದಾಟಿ. ಹೆದ್ದಾರಿಯಲ್ಲಿ ಸುತ್ತಿಬರುವವರಿಗೆ ಹೊಳೆಯ ಅಗಲವೂ ತಿಳಿಯುವುದಿಲ್ಲ, ಸೆಳೆತವೂ ತಿಳಿಯುವುದಿಲ್ಲ. ಒಳನಾಡಿನ ಕಡೆಗೆ ಮಿರ್ಜಾನಿನ ಚಿರೆಕಲ್ಲಿನ ಕೋಟೆ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕರಿಮೆಣಸು ಈ ಹೊಳೆಯ ದಾರಿಯಲ್ಲೇ ಹಡಗು ಸೇರುತ್ತಿತ್ತು.

ಹೊನ್ನಾವರದ ಶರಾವತಿಯನ್ನು ಇದರ ಮಾರನೆಯ ದಿನವೇ ನೋಡಬೇಕು, ವ್ಯತ್ಯಾಸ ಆಗ ಚೆನ್ನಾಗಿ ತಿಳಿಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಹಲಗೆ ದಾರಿಯಲ್ಲಿ ನಡೆಯುವುದು ಸೊಗಸು. ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯೂ ಇಲ್ಲಿಯದೇ. ಆದರೆ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆಯ ಅಣೆಕಟ್ಟುಗಳಿವೆ. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ಇಲ್ಲಿ ಉಪ್ಪು ಅಘನಾಶಿನಿಯಷ್ಟು ಏರುವುದಿಲ್ಲ, ಬಳಚಿಗೆ ಆ ಉಪ್ಪೇ ಬೇಕು. ಅಘನಾಶಿನಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಬಂದಾಗೆಲ್ಲ ಈ ಎರಡು ಅಳಿವೆಗಳನ್ನು ಹೀಗೆ ಒಂದರ ಬೆನ್ನಿಗೊಂದು ನೋಡಿ ಬಂದವರು ಮಾತಾಡಲಿ ಎನಿಸುತ್ತದೆ.

ಇನ್ನು ಕಾಳಿ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥರು ದೋಣಿಯಲ್ಲಿ ಈ ಹೊಳೆಯ ಮೇಲಕ್ಕೆ ಹೋಗಿ, ಶಿವಾಜಿಯ ಗಿರಿಕೋಟೆ ಹತ್ತಿ, ರಾತ್ರಿ ನೀರಿನ ಓಟದೊಂದಿಗೆ ಅಳಿವೆಗೆ ಮರಳಿದರು. ಅಷ್ಟರಲ್ಲಿ ಬಹಳ ಹೊತ್ತಾಗಿದ್ದರಿಂದ ಅಲ್ಲೇ ಇಳಿದು ಬೆಳದಿಂಗಳ ಮರಳಿನ ಮೇಲೆ ಮನೆಗೆ ನಡೆದದ್ದನ್ನು ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ಇಂದು ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ಹೊಳೆಯ ಬಾಯಿ ಇಡಿಯಾಗಿ ಕಾಣುತ್ತದೆ. ಗಂಗಾವಳಿಗೆ ಅರ್ಧ ದಿನ ಸಾಕು. ಉಳಿದರ್ಧವನ್ನು 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಗೆ ಕೊಡಿ.

ಮಳೆಗಾಲದಲ್ಲಿ ಅಳಿವೆಯ ನೀರಿಗೆ ಇಳಿಯಲೇಬೇಡಿ. ಕಗ್ಗದ ತೆನೆ ನೋಡುವ ಆಸೆ ಇದ್ದರೆ ಅಕ್ಟೋಬರ್‌ನಲ್ಲಿ, ಉಪ್ಪಿನ ರಾಶಿ ನೋಡಬೇಕಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ಬನ್ನಿ. ಸಂಜೆಯ ಕೊನೆಯ ಬಾರ್ಜು ಎಷ್ಟಕ್ಕೆ ಎಂದು ದಾಟುವ ಮೊದಲೇ ಕೇಳಿಕೊಳ್ಳಿ.