ಕವಡೆ ಹೇಳುವುದೆಷ್ಟು, ನಾವು ತುಂಬುವುದೆಷ್ಟು?

ಜನ ಜ್ಯೋತಿಷ್ಯವನ್ನು ಯಾಕೆ ನಂಬುತ್ತಾರೆ ಎಂದು ಕೇಳಿದರೆ ವಿಚಾರವಾದಿಗಳಾದ ನಾವು ಕೊಡುವ ಉತ್ತರ ಒಂದೇ: ಅಜ್ಞಾನ. ಕಾಸರಗೋಡಿನವಳಾದ ನನಗೆ ಈ ಉತ್ತರದ ಮೇಲೆಯೇ ತಕರಾರಿದೆ.

ಜಯಂತ ನಾರ್ಲೀಕರ್, ನರೇಂದ್ರ ದಾಭೋಲ್ಕರ್ ಮತ್ತಿತರರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ನಡೆಸಿದ್ದರು. ಪ್ರತಿಭಾವಂತ ಮಕ್ಕಳ 100 ಜಾತಕ, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳ 100 ಜಾತಕ. ಒಬ್ಬೊಬ್ಬ ಜ್ಯೋತಿಷಿಗೆ 40. ಯಾವುದು ಯಾರದೆಂದು ಗುರುತಿಸಬೇಕು. ಉತ್ತರ ಕಳಿಸಿದ 27 ಮಂದಿಯ ಊಹೆಗಳಲ್ಲಿ ಸರಿಯಾದದ್ದು ಶೇ. 46. ನಾಣ್ಯ ಚಿಮ್ಮಿದರೂ ಸುಮಾರು ಅರ್ಧ ಸರಿಯಾಗ್ತದೆ. 2009ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಮನೆಯಲ್ಲಿ ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ, ಪ್ರಶ್ನೆ ಇಡಿಸುವುದನ್ನು ಬಿಡಲೂ ಇಲ್ಲ.

ನಮ್ಮ ಕಡೆಯ ಅಷ್ಟಮಂಗಲ ಪ್ರಶ್ನೆಯನ್ನೇ ನೋಡಿ. 108 ಕವಡೆಗಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದ ಎಂಟೆಂಟು ತೆಗೆದು, ಉಳಿದದ್ದರಿಂದ ಫಲ ಹೇಳ್ತಾರೆ. ‘ಹಿಂದೆ ಈ ಮನೆಯಲ್ಲಿ ಒಂದು ಹೆಣ್ಣಿನ ಕಣ್ಣೀರು ಬಿದ್ದಿದೆ’ ಅಂದರು ಜೋಯಿಸರು. ಯಾವ ಹಳೇ ಮನೆಯಲ್ಲಿ ಬಿದ್ದಿಲ್ಲ? ಆದರೆ ದೊಡ್ಡಮ್ಮ ಬಿಕ್ಕಿ ಬಿಕ್ಕಿ ಅತ್ತರು. ಆಸ್ತಿ ಪಾಲಾದಾಗ ಬರಿಗೈಯಲ್ಲಿ ಹೋದ ಅಜ್ಜನ ತಂಗಿಯ ಹೆಸರನ್ನು ನಾನು ಮೊದಲು ಕೇಳಿದ್ದು ಅಂದೇ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಸ್ವಭಾವ-ವರ್ಣನೆಯನ್ನು, ‘ಇದು ನಿನ್ನದು’ ಎಂದು ಕೊಟ್ಟಿದ್ದ. ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಅಲ್ಲಿ ಒಬ್ಬೊಬ್ಬರೇ ಖಾಲಿ ಜಾಗ ತುಂಬಿದರು. ನಮ್ಮಲ್ಲಿ ಇಡೀ ಕುಟುಂಬ ಕೂತು ತುಂಬ್ತದೆ. ಜೋಯಿಸರದ್ದು ಅರ್ಧ ವಾಕ್ಯ. ಹೆಸರು, ಇಸವಿ, ತಪ್ಪು ಎಲ್ಲ ನಮ್ಮದು. ಎದ್ದು ಬರುವಾಗ ಮಾತ್ರ ‘ಎಲ್ಲ ಅವರೇ ಹೇಳಿದರು’ ಅನ್ನುತ್ತೇವೆ.

ಇನ್ನು ಪರಿಹಾರ. ನಾಗಪ್ರತಿಷ್ಠೆ ಸಾಂಗವಾಗಿ ನಡೆಯಿತು. ಆ ಹೆಂಗಸಿನ ಮಕ್ಕಳಿಗೆ ಒಂದು ಸೆಂಟ್ಸ್ ಜಾಗವೂ ಸಿಗಲಿಲ್ಲ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ: ಪ್ರಶ್ನೆ ಸತ್ಯವನ್ನು ಬಾಯಿಬಿಡಿಸುತ್ತದೆ, ಆಮೇಲೆ ಅದನ್ನು ‘ದೋಷ’ ಎಂದು ಕರೆದು ಕೈತೊಳೆದುಕೊಳ್ಳಲು ದಾರಿ ಮಾಡಿಕೊಡುತ್ತದೆ.

ನಮ್ಮದೂ ತಪ್ಪಿದೆ. ಶೇಕಡಾವಾರು ಹೇಳಿ ಎದ್ದುಹೋದ ನಾನು, ದೊಡ್ಡಮ್ಮನ ಎದುರು ಒಂದು ಮಧ್ಯಾಹ್ನ ಕೂತಿರಲಿಲ್ಲ. ಜೋಯಿಸರು ಎರಡು ದಿನ ಕೂತಿದ್ದರು.

ಇಷ್ಟು ಹೇಳಿ ಮುಗಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ, ಕವಡೆ ಬೇಡ.